ನ್ಯಾಸ್ ನಿಧಾನವೇ? ಮೊದಲು ಅಳೆಯಿರಿ, ಆಮೇಲೆ ಬೈಯಿರಿ

ಮನೆಯ ನೆಟ್‌ವರ್ಕಿಗೆ ಒಂದು ಸಣ್ಣ ಪೆಟ್ಟಿಗೆ ಸಿಕ್ಕಿಸಿ, ಅದರೊಳಗೆ ಒಂದೆರಡು ಹಾರ್ಡ್‌ಡಿಸ್ಕ್ ಇಟ್ಟು, ಮನೆಮಂದಿಯ ಫೋಟೋ ವಿಡಿಯೋಗಳನ್ನೆಲ್ಲ ಅಲ್ಲಿಗೆ ತುಂಬುವವರು ಈಗ ಕಡಿಮೆಯೇನಿಲ್ಲ. ಅದಕ್ಕೆ ನ್ಯಾಸ್ ಅಂತಾರೆ. ಕೊಂಡವರಿಂದ ನಾನು ಕೇಳುವ ದೂರು ಹೆಚ್ಚಾಗಿ ಒಂದೇ: "ಕಾಪಿ ಆಗೋದು ತುಂಬಾ ಸ್ಲೋ ಮಾರಾಯ". ಅದಕ್ಕೆ ಸಿಗುವ ಸಲಹೆಯೂ ಒಂದೇ: "ಅದನ್ನ ಬಿಸಾಕಿ ದೊಡ್ಡದು ತಗೋ". ಈ ಸಲಹೆಯ ಮೇಲೆಯೇ ನನ್ನ ತಕರಾರು.

ಕಾಪಿ ಆಗುವಾಗ ಪರದೆಯ ಮೇಲೆ ಒಂದು ಅಂಕಿ ಕಾಣುತ್ತಲ್ಲ, ಅದನ್ನು ಸರಿಯಾಗಿ ಓದಿದರೆ ಅರ್ಧ ರೋಗ ಪತ್ತೆ. ನೆಟ್‌ವರ್ಕಿನ ವೇಗವನ್ನು ಬಿಟ್‌ಗಳಲ್ಲಿ ಹೇಳ್ತಾರೆ, ಫೈಲ್ ಕಾಪಿಯ ವೇಗ ಬೈಟ್‌ಗಳಲ್ಲಿ ಕಾಣುತ್ತೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಗಿಗಾಬಿಟ್ ನೆಟ್‌ವರ್ಕಿನಲ್ಲಿ ಲೆಕ್ಕಕ್ಕೆ ಸೆಕೆಂಡಿಗೆ 125 ಮೆಗಾಬೈಟ್, ಕೈಗೆ ಸಿಗುವುದು 110ರ ಆಸುಪಾಸು. ಅಷ್ಟು ಬರ್ತಿದೆಯಾ? ನೆಟ್‌ವರ್ಕ್ ಆರೋಗ್ಯವಾಗಿದೆ, ನೆಮ್ಮದಿಯಿಂದ ಮಲಗಿ :-)

ಅಂಕಿ 11ರ ಹತ್ತಿರ ಬಂದು ಗೂಟ ಹೊಡೆದ ಹಾಗೆ ನಿಂತಿದೆಯಾ? ಹಾಗಾದರೆ ದಾರಿಯಲ್ಲೆಲ್ಲೋ 100 ಮೆಗಾಬಿಟ್‌ನ ಕೊಂಡಿ ಇದೆ. ರೌಟರಿನ ಪೋರ್ಟೇ ಅಷ್ಟಿರಬಹುದು, ಅಗ್ಗದ ರೌಟರುಗಳಲ್ಲಿ ಇದು ಮಾಮೂಲು. ಇಲ್ಲವೇ ಕೇಬಲ್ ಕೆಟ್ಟಿರಬಹುದು. ಕೇಬಲ್ಲಿನ ಎಂಟು ಎಳೆಗಳಲ್ಲಿ 100 ಮೆಗಾಬಿಟ್ಟಿಗೆ ನಾಲ್ಕು ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಬಾಗಿಲ ಸಂದಿಯಲ್ಲಿ ನಲುಗಿ ಒಂದು ಎಳೆ ತುಂಡಾದರೆ, ಎಷ್ಟೋ ಸಲ ಎರಡೂ ತುದಿಯವು 100ಕ್ಕೆ ರಾಜಿಯಾಗಿ ಕೆಲಸ ಮುಂದುವರಿಸುತ್ತವೆ. ದೀಪ ಮಿನುಗುತ್ತೆ, ಇಂಟರ್ನೆಟ್ಟೂ ಬರುತ್ತೆ. ಕೇಬಲ್ಲಿನ ಮೇಲೆ ಯಾರಿಗೂ ಅನುಮಾನವೇ ಬರಲ್ಲ. ಒಂದು ಟೆರಾಬೈಟ್ ಕಳಿಸೋಕೆ 110ರ ವೇಗದಲ್ಲಿ ಎರಡೂವರೆ ಗಂಟೆ, 11ರ ವೇಗದಲ್ಲಿ 25 ಗಂಟೆ. ಈ ಸ್ಥಿತಿಯಲ್ಲಿ 2.5 ಗಿಗಾಬಿಟ್‌ನ ಹೊಸ ಪೆಟ್ಟಿಗೆ ತಂದರೂ ಅದೇ 11!

ಅಂಕಿ ಏರಿಳಿಯುತ್ತಿದ್ದರೆ ಮೊದಲ ಅನುಮಾನ ವೈಫೈ ಮೇಲೆ. ಅಲ್ಲಿ ಎಲ್ಲರೂ ಒಂದೇ ಗಾಳಿಯನ್ನು ಹಂಚಿಕೊಂಡು ಸರದಿಯಲ್ಲಿ ಮಾತಾಡಬೇಕು. ಮೊದಲ ಸಲದ ದೊಡ್ಡ ಕಾಪಿಯನ್ನಾದರೂ ಕೇಬಲ್ ಹಾಕಿಯೇ ಮಾಡಿ.

ನೆಟ್‌ವರ್ಕೋ ಡಿಸ್ಕೋ ಅನ್ನುವ ಜಗಳ ಬಿಡಿಸೋಕೆ ಐಪರ್ಫ್3 ಎಂಬ ಪುಕ್ಕಟೆ ತಂತ್ರಾಂಶ ಇದೆ. ಅದು ಡಿಸ್ಕನ್ನು ಮುಟ್ಟದೆ ನೆಟ್‌ವರ್ಕನ್ನಷ್ಟೇ ಅಳೆಯುತ್ತೆ. ನ್ಯಾಸ್‌ನಲ್ಲಿ ಹಾಕೋಕೆ ಆಗದಿದ್ದರೆ, ನ್ಯಾಸ್‌ನ ಕೇಬಲ್ ಕಿತ್ತು ಇನ್ನೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಪರೀಕ್ಷಿಸಿ. ಅಲ್ಲಿ 900 ಮೆಗಾಬಿಟ್ ಮೀರಿ ಬಂದು, ಕಾಪಿ ಮಾತ್ರ ತೆವಳುತ್ತಿದ್ದರೆ ನೆಟ್‌ವರ್ಕ್ ನಿರಪರಾಧಿ.

ಆಗ ನೋಡಬೇಕಾದ್ದು ಫೈಲುಗಳನ್ನು. ಒಂದೇ ದೊಡ್ಡ ಸಿನಿಮಾ ಸಲೀಸಾಗಿ ಹೋಗುತ್ತೆ, ಅಷ್ಟೇ ತೂಕದ ಸಾವಿರಾರು ಚಿಕ್ಕ ಫೈಲುಗಳು ಸತಾಯಿಸುತ್ತವೆ. ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಅಂತ ಬೇರೆ ಬೇರೆ ಮಾತುಕತೆ ನಡೆಯಬೇಕು. ಅದಕ್ಕೆ ಸೆಕೆಂಡಿನ ನೂರನೇ ಒಂದು ಭಾಗ ಹೋಯಿತು ಅಂದುಕೊಂಡರೂ, 50,000 ಫೈಲಿಗೆ ಎಂಟು ನಿಮಿಷ ಬರೀ ಮಾತಿಗೇ ಆಯಿತು. ಹಳೆಯ ಫೋಲ್ಡರುಗಳನ್ನು ಜಿಪ್ ಮಾಡಿ ಕಳಿಸಿದರೆ ಇದು ತಪ್ಪುತ್ತೆ.

ಶುರುವಿನಲ್ಲಿ ಜೋರಾಗಿ ಓಡಿ, ಸ್ವಲ್ಪ ಹೊತ್ತಿಗೆ ಕುಸಿದು ಬೀಳುವುದು ಇನ್ನೊಂದು ಲಕ್ಷಣ. ಕೆಲವು ಡಿಸ್ಕುಗಳಲ್ಲಿ ಎಸ್‌ಎಂಆರ್ ಎಂಬ ವಿಧಾನ ಇದೆ. ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದು ಸಾಲಿನ ಮೇಲೆ ಇನ್ನೊಂದರ ಅಂಚು ಕೂತಿರುತ್ತೆ. ನಡುವೆ ಒಂದನ್ನು ಬದಲಿಸಬೇಕಾದರೆ ಅಕ್ಕಪಕ್ಕದ್ದನ್ನೂ ಎತ್ತಿ ಕೂರಿಸಬೇಕು. ನ್ಯಾಸ್‌ಗೆಂದೇ ಮಾರುತ್ತಿದ್ದ ಕೆಲವು ರೆಡ್ ಡಿಸ್ಕುಗಳಲ್ಲಿ ಇದೇ ಇದೆ ಅಂತ ವೆಸ್ಟರ್ನ್ ಡಿಜಿಟಲ್ 2020ರಲ್ಲಿ, ಬಳಕೆದಾರರು ಅಳೆದು ಗಲಾಟೆ ಮಾಡಿದ ಮೇಲೆ ಒಪ್ಪಿಕೊಂಡಿತು, ಯಾವ ಮಾಡೆಲ್ ಯಾವ ಬಗೆಯದು ಅಂತ ಪಟ್ಟಿಯನ್ನೂ ಕೊಟ್ಟಿತು. ಅಳೆಯುವವರು ಇಲ್ಲದಿದ್ದರೆ ಪಟ್ಟಿ ಬರುತ್ತಿತ್ತೇ?

ಪೆಟ್ಟಿಗೆಯದೇ ತಪ್ಪು ಇರೋದೂ ಉಂಟು, ಇಲ್ಲ ಅನ್ನಲ್ಲ. ಬಡ ಪ್ರೊಸೆಸರಿನ ಮೇಲೆ ಎನ್‌ಕ್ರಿಪ್ಷನ್ ಹೇರಿದರೆ ಅದು ಏದುಸಿರು ಬಿಡುತ್ತೆ. ಆದರೆ ಆ ತೀರ್ಪು ಕೊನೆಗೆ ಬರಬೇಕು. ಹಾಗೆಯೇ "ಜಂಬೋ ಫ್ರೇಮ್ ಆನ್ ಮಾಡು" ಅನ್ನುವ ಉಪದೇಶವನ್ನೂ ಕೊನೆಗಿಡಿ. ದಾರಿಯಲ್ಲಿರುವ ಎಲ್ಲ ಸಾಧನಗಳೂ ಅದಕ್ಕೆ ಒಪ್ಪದಿದ್ದರೆ ಇದ್ದದ್ದೂ ಕೆಡುತ್ತೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ, ರಾತ್ರಿಯಿಡೀ ಕಾಪಿಯಾಗಲಿ ಬಿಡಿ ಅನ್ನಬಹುದು. ಆದರೆ 25 ಗಂಟೆಯ ಕೆಲಸದ ನಡುವೆ ಕರೆಂಟ್ ಹೋಗುತ್ತೆ, ಲ್ಯಾಪ್‌ಟಾಪ್ ನಿದ್ದೆ ಹೋಗುತ್ತೆ. ಎರಡು ಸಲ ಹಾಗಾದ ಮೇಲೆ "ಮುಂದಿನ ವಾರ ಮಾಡೋಣ" ಅಂತೀವಿ. ಆ ಮುಂದಿನ ವಾರ ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಡಿಸ್ಕ್ ಕೈಕೊಟ್ಟರೆ ಅಜ್ಜಿಯ ಫೋಟೋಗಳು, ನಾವು ಬರೆದು ಪೋಸ್ಟ್ ಮಾಡದೆ ಇಟ್ಟ ಕರಡುಗಳು ಎಲ್ಲ ಅದರ ಜೊತೆಗೇ ಹೋದವು. ಬ್ಯಾಕಪ್ ನಿಂತುಹೋಗೋದು ಹೀಗೆ ಸದ್ದಿಲ್ಲದೆ. ಅದಕ್ಕೇ ಒಂದು ಸಂಜೆ ಕೂತು ಅಳೆಯಿರಿ ಅನ್ನೋದು.

ನಿಮ್ಮ ಮನೆಯಲ್ಲಿ ಅಂಕಿ ಎಷ್ಟು ಬರ್ತಿದೆ? ನೋಡಿ ಹೇಳಿ.