ಮನು ಮಾರಿದ ಹರೆಯ

ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ಮಾತು ಬಂದರೆ ಜನ ಮೊದಲು ನೆನೆಯುವುದು ಚರಣ್ ರಾಜ್ ಸಂಗೀತವನ್ನು, ಆಮೇಲೆ ರುಕ್ಮಿಣಿ ವಸಂತ್ ಕಣ್ಣುಗಳನ್ನು. ತಪ್ಪೇನಿಲ್ಲ. ಆದರೆ ವಿಧಿ ಅಗಲಿಸಿದ ಪ್ರೇಮಿಗಳ ಕಥೆ ಇದು ಎಂದು ಕಣ್ಣೊರೆಸಿಕೊಂಡು ಎದ್ದುಹೋದವರಿಗೆ ಅರ್ಧ ಸಿನಿಮಾ ತಪ್ಪಿಹೋಯಿತು ಎಂದೇ ಲೆಕ್ಕ. ಇಲ್ಲಿ ವಿಧಿಯ ಕೈವಾಡ ಕಡಿಮೆ, ವ್ಯವಹಾರದ್ದೇ ಹೆಚ್ಚು.

ರಕ್ಷಿತ್ ಶೆಟ್ಟಿ ಮಾಡಿರುವ ಮನು ಸಿರಿವಂತರ ಮನೆಯ ಕಾರು ಚಾಲಕ. ಅವನ ಪ್ರೇಯಸಿ ಪ್ರಿಯಾ (ರುಕ್ಮಿಣಿ) ಗಾಯಕಿಯಾಗುವ ಕನಸಿನವಳು. ಇಬ್ಬರೂ ಸೇರಿ ಮನೆ ಹುಡುಕುತ್ತಿದ್ದಾರೆ. ಅವಳಿಗೋ ಸಮುದ್ರದ ಪಕ್ಕದ ಮನೆಯ ಆಸೆ, ಇರುವುದು ಬೆಂಗಳೂರಿನಲ್ಲಿ! ಅಷ್ಟರಲ್ಲಿ ಧಣಿಯ ಮಗ ಕಾರು ಗುದ್ದಿ ಜೀವವೊಂದನ್ನು ತೆಗೆಯುತ್ತಾನೆ. ತಪ್ಪು ತನ್ನದೆಂದು ಒಪ್ಪಿಕೊಂಡರೆ ಮನುವಿಗೆ ಕೈತುಂಬ ದುಡ್ಡು, ಬೇಗನೆ ಜಾಮೀನು ಎಂಬ ಭರವಸೆ. ಒಪ್ಪುತ್ತಾನೆ. ಮಾತು ಕೊಟ್ಟ ಧಣಿ ತೀರಿಕೊಂಡ ಮೇಲೆ ಅವನ ಆಸ್ತಿಗೆ ವಾರಸುದಾರರಿದ್ದಾರೆ, ಮಾತಿಗಿಲ್ಲ.

ಇದು ಸಿನಿಮಾದಲ್ಲಷ್ಟೇ ನಡೆಯುವಂಥದ್ದು ಎನ್ನುವವರು 2024ರ ಮೇ ತಿಂಗಳ ಪುಣೆಯನ್ನು ನೆನಪಿಸಿಕೊಳ್ಳಲಿ. ಕಲ್ಯಾಣಿ ನಗರದಲ್ಲಿ ಬಾಲಕನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಗಾಡಿ ಓಡಿಸಿದ್ದು ತಾನೇ ಎಂದು ಹೇಳುವಂತೆ ಮನೆಯ ಚಾಲಕನನ್ನು ಕೂಡಿಹಾಕಿ ಒತ್ತಾಯಿಸಿದ ಆರೋಪದ ಮೇಲೆ ಬಾಲಕನ ತಂದೆ, ತಾತ ಇಬ್ಬರೂ ಬಂಧನಕ್ಕೊಳಗಾದರು. ಸಿನಿಮಾದ ಮೊದಲ ಭಾಗ ತೆರೆಕಂಡು ಆಗಿನ್ನೂ ವರ್ಷವೂ ತುಂಬಿರಲಿಲ್ಲ.

2023ರ ಸೆಪ್ಟೆಂಬರ್ 1ರಂದು ಬಂದ ಆ ‘ಸೈಡ್ ಎ’ ಗಟ್ಟಿಯಾಗಿರುವುದು ಹಣ ಮತ್ತು ಹರೆಯದ ಈ ಲೇವಾದೇವಿಯನ್ನು ಎಲ್ಲೂ ಮರೆಯದಿರುವುದರಿಂದ. ಪ್ರಿಯಾ ತನ್ನ ದನಿ ತುಂಬಿ ಕೊಟ್ಟ ಕ್ಯಾಸೆಟ್ಟನ್ನು ಮನು ಜೈಲಿನಲ್ಲಿ ಕೇಳುವ ದೃಶ್ಯಗಳನ್ನೇ ನೋಡಿ. ಹೊರಗೆ ಅವಳಿಗೆ ವಯಸ್ಸಾಗುತ್ತಿದೆ, ಟೇಪಿನಲ್ಲಿ ಆಗುತ್ತಿಲ್ಲ. ಎರಡನೇ ಭಾಗದಲ್ಲಿ, ವರ್ಷಗಳ ಬಳಿಕ ಬಿಡುಗಡೆಯಾದ ಮನು ಊರೆಲ್ಲ ಹುಡುಕುವುದು ಆ ಟೇಪಿನ ಹುಡುಗಿಯನ್ನು. ಸಿಗುವವಳು ಸಂಸಾರದ ಭಾರ ಹೊತ್ತು ಹಾಡು ಬಿಟ್ಟ ಹೆಂಗಸು.

ನವೆಂಬರ್ 17ರಂದು ಬಂದ ಆ ‘ಸೈಡ್ ಬಿ’ಯಲ್ಲಿ ಒಬ್ಬಳು ಸುರಭಿ ಇದ್ದಾಳೆ. ಲೈಂಗಿಕ ಕಾರ್ಯಕರ್ತೆಯಾದ ಅವಳ ಬಳಿಗೆ ಮನು ಬರುತ್ತಾನೆ, ಮನಸ್ಸನ್ನು ಮಾತ್ರ ಪ್ರಿಯಾಳ ಬೀದಿಯಲ್ಲೇ ಬಿಟ್ಟು. ಸುರಭಿಗೂ ಇದು ತಿಳಿಯದ್ದೇನಲ್ಲ. ಮನುವಿನ ಪ್ರೀತಿ ಎಷ್ಟು ಪವಿತ್ರ ಎಂದು ಚಪ್ಪಾಳೆ ತಟ್ಟುವವರು ಅದರ ಖರ್ಚನ್ನು ಭರಿಸಿದವಳು ಯಾರು ಎಂದು ಕೇಳುವುದಿಲ್ಲ. ಧಣಿ ಮನುವನ್ನು ಬಳಸಿಕೊಂಡಂತೆಯೇ ಮನು ಸುರಭಿಯನ್ನು ಬಳಸಿಕೊಳ್ಳುತ್ತಾನೆ. ಇದು ನಿರ್ದೇಶಕರಿಗೆ ಹೊಳೆಯದ್ದಲ್ಲ, ಹೊಳೆದೂ ಅಲ್ಲಿ ನಿಲ್ಲದೆ ಜೈಲಿನ ಹಳೆಯ ದ್ವೇಷ ತೀರಿಸುವ ಹೊಡೆದಾಟದತ್ತ ಹೊರಟುಬಿಡುತ್ತಾರೆ. ಸಿನಿಮಾ ನಿಧಾನವಾಯಿತು ಎಂಬುದು ಆಗ ಕೇಳಿಬಂದ ದೂರು. ಸುರಭಿಯ ವಿಷಯದಲ್ಲಿ ನೋಡಿದರೆ ಅದು ಅವಸರಪಟ್ಟಿದೆ. ಚೈತ್ರಾ ಆಚಾರ್ ಸಿಕ್ಕಿದ್ದಷ್ಟರಲ್ಲೇ ಆ ಪಾತ್ರವನ್ನು ನಿಲ್ಲಿಸಿದ್ದಾರೆ. ಆ ಹೊಡೆದಾಟದ ಅರ್ಧ ಹೊತ್ತನ್ನು ಅವರಿಗೆ ಕೊಟ್ಟಿದ್ದರೂ ಸಾಕಿತ್ತು.