ಚಿಕ್ಕ ವಿಮಾನ, ಕೈಚೀಲ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಊಟ

ತೀರ್ಥಯಾತ್ರೆ, ಮದುವೆ, ಚಿಕಿತ್ಸೆ ಮುಂತಾದ ಕಾರಣಗಳಿಗೆ ವಿಮಾನ ಹತ್ತುವ ಕುಟುಂಬಗಳಲ್ಲಿ ಪದೇ ಪದೇ ಏಳುವ ಪ್ರಶ್ನೆಯೊಂದಿದೆ. ಕೈಚೀಲದ ತೂಕ ನಿಯಮದಂತೆ 7 ಕೆ.ಜಿ. ಒಳಗೇ ಇದ್ದರೂ ಅದನ್ನು ವಿಮಾನದ ಬಾಗಿಲ ಬಳಿ ಸಿಬ್ಬಂದಿ ತೆಗೆದುಕೊಳ್ಳುವುದೇಕೆ? ಇದಕ್ಕೆ ಉತ್ತರ ಟಿಕೆಟ್‌ನಲ್ಲಿಲ್ಲ, ವಿಮಾನದ ಗಾತ್ರದಲ್ಲಿದೆ.

ಮೈಸೂರು ವಿಮಾನ ನಿಲ್ದಾಣದ ರನ್‌ವೇ ಸುಮಾರು 1,740 ಮೀಟರ್ ಉದ್ದವಿದೆ. ಹೀಗಾಗಿ ಅಲ್ಲಿಗೆ ಎಟಿಆರ್ 72ರಂತಹ ಚಿಕ್ಕ ವಿಮಾನಗಳೇ ಬರುತ್ತವೆ. ಇಂಡಿಗೊ ಸಂಸ್ಥೆಯ ಎಟಿಆರ್‌ನಲ್ಲಿ 78 ಆಸನಗಳಿದ್ದರೆ, ಅದೇ ಸಂಸ್ಥೆಯ ಏರ್‌ಬಸ್ ಎ320ರಲ್ಲಿ 180 ಅಥವಾ ಅದಕ್ಕಿಂತ ಹೆಚ್ಚು. ಕೈಚೀಲದ ಗರಿಷ್ಠ ಅಳತೆ 55 x 35 x 25 ಸೆಂ.ಮೀ. ಎಂದು ನಿಗದಿಯಾಗಿದೆ. ಆದರೆ ಎಟಿಆರ್‌ನ ತಲೆಯ ಮೇಲಿನ ಕಪಾಟು ಚಿಕ್ಕದು. ಗಾಲಿಯ ಗಟ್ಟಿ ಸೂಟ್‌ಕೇಸ್ ಅದರಲ್ಲಿ ಹಿಡಿಸುವುದು ಕಷ್ಟ. ಹಾಗಾಗಿ ಚೀಟಿ ಅಂಟಿಸಿ ಅದನ್ನು ಲಗೇಜ್ ವಿಭಾಗಕ್ಕೆ ಸೇರಿಸುತ್ತಾರೆ. ಇಳಿದ ಮೇಲಷ್ಟೇ ಅದು ಮತ್ತೆ ಕೈಗೆ ಸಿಗುವುದು.

ಇತರರಿಗೆ ಇದು ಹತ್ತು ನಿಮಿಷದ ಕಿರಿಕಿರಿ. ರಾತ್ರಿ ಭೋಜನ ತ್ಯಾಗದ ವ್ರತ ಪಾಲಿಸುವವರಿಗೆ ಹಾಗಲ್ಲ. ಡಿಸೆಂಬರಿನಲ್ಲಿ ಮೈಸೂರು ಭಾಗದಲ್ಲಿ ಸಂಜೆ ಆರರ ಆಸುಪಾಸಿನಲ್ಲೇ ಸೂರ್ಯಾಸ್ತ. ಐದು ಗಂಟೆಗೆ ಹತ್ತಿದ ವಿಮಾನ ತಡವಾಗಿ ಹೊರಟು, ಮನೆಯಿಂದ ತಂದ ಬುತ್ತಿ ಲಗೇಜ್ ವಿಭಾಗದಲ್ಲಿ ಉಳಿದರೆ ಆ ದಿನ ಉಪವಾಸವೇ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಇದು ಆರೋಗ್ಯದ ವಿಷಯವೂ ಹೌದು.

ಎರಡೂವರೆ ಗಂಟೆಯವರೆಗಿನ ಪ್ರಯಾಣದ ವಿಮಾನ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ, ಕಾಯುತ್ತಿರುವ ಪ್ರಯಾಣಿಕರಿಗೆ ಉಪಾಹಾರ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಆದರೆ ಆ ಉಪಾಹಾರ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ್ದೇ ಆಗಿರುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಮನೆಯ ಬುತ್ತಿಯೇ ಆಸರೆ.

ಪರಿಹಾರ ಸರಳ. ಇಂಡಿಗೊದಲ್ಲಿ ಕೈಚೀಲದ ಜೊತೆಗೆ 3 ಕೆ.ಜಿ.ವರೆಗಿನ ಚಿಕ್ಕ ವೈಯಕ್ತಿಕ ಚೀಲಕ್ಕೂ ಅವಕಾಶವಿದೆ. ಮುಂದಿನ ಆಸನದ ಅಡಿಯಲ್ಲಿ ಹಿಡಿಸುವ ಬಟ್ಟೆಯ ಚೀಲವಾದರೆ ಅನುಕೂಲ. ಅದರಲ್ಲಿ ಬುತ್ತಿ, ಔಷಧಿ, ಕನ್ನಡಕ, ಗುರುತಿನ ಚೀಟಿ, ಜಪಮಾಲೆ, ಒಡವೆಗಳನ್ನು ಮೊದಲೇ ಇಟ್ಟುಕೊಂಡಿರಬೇಕು. ದೊಡ್ಡ ಚೀಲ ಒಪ್ಪಿಸಬೇಕಾಗಿ ಬಂದರೂ ಆಗ ಚಿಂತೆಯಿಲ್ಲ. ಪವರ್ ಬ್ಯಾಂಕ್ ಮಾತ್ರ ಮರೆಯಬಾರದು. ಬೆಂಕಿಯ ಅಪಾಯವಿರುವುದರಿಂದ ಅದನ್ನು ಲಗೇಜ್ ವಿಭಾಗಕ್ಕೆ ಹಾಕುವಂತಿಲ್ಲ. ಬಾಗಿಲ ಬಳಿ ಚೀಲ ಕೊಡುವ ಮುನ್ನ ಹೊರತೆಗೆಯಲೇಬೇಕು. ಸೂರ್ಯಾಸ್ತ ಆಕಾಶದಲ್ಲೇ ಆಗುವಂತಿದ್ದರೆ ನಿಲ್ದಾಣದಲ್ಲೇ ಊಟ ಮುಗಿಸಿ ಹತ್ತುವುದು ಇನ್ನೂ ಒಳಿತು.

ಒಂದೇ ಯಾತ್ರೆಯಲ್ಲಿ ಎರಡು ವಿಮಾನ ಬದಲಿಸುವವರು ದೊಡ್ಡದರ ಅಳತೆಗೆ ಚೀಲ ಕಟ್ಟುತ್ತಾರೆ. ಚಿಕ್ಕದರ ಅಳತೆಗೆ ಕಟ್ಟಬೇಕು. ಯಾವ ಮಾದರಿಯ ವಿಮಾನ ಎಂಬುದು ಟಿಕೆಟ್ ಕಾಯ್ದಿರಿಸುವಾಗ ವಿವರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತದೆ.

ವಿಮಾನ ಸಂಸ್ಥೆಗಳ ಹೊಣೆಯೂ ಇದೆ. ಕೈಚೀಲ ಒಪ್ಪಿಸಬೇಕಾಗಬಹುದು ಎಂಬ ಮಾತನ್ನು ಮೆಟ್ಟಿಲ ಬಳಿ ಹೇಳುವುದಕ್ಕಿಂತ ಟಿಕೆಟ್ ಕೊಡುವಾಗಲೇ ಕನ್ನಡದಲ್ಲಿ ತಿಳಿಸಿದರೆ ಹಿರಿಯರ ಗಾಬರಿ ತಪ್ಪುತ್ತದೆ, ವ್ರತವೂ ಉಳಿಯುತ್ತದೆ.