ಜೀಪಿನ ಮುಖ ನೋಡಿ ಜಿಮ್ನಿ ಕೊಳ್ಳುವ ಮುನ್ನ

ಹಳೇ ಜೀಪಿನ ಮುಖವಿರುವ ಗಾಡಿಗಳಿಗೆ ನಮ್ಮ ಕಡೆ ಈಗ ಒಳ್ಳೇ ಕಾಲ. ದುಂಡು ಹೆಡ್‌ಲೈಟು, ಪೆಟ್ಟಿಗೆಯಂಥ ಮೈ, ಹಿಂದೆ ತೂಗುಹಾಕಿದ ಸ್ಟೆಪ್ನಿ. ಹುಡುಗರ ಮೊಬೈಲ್ ತೆರೆದರೆ ಇವುಗಳದ್ದೇ ರೀಲ್ಸ್. ಅಡಿಕೆಗೆ ರೇಟು ಬಂದ ವರ್ಷ ಮನೆಯಲ್ಲಿ ಕಾರಿನ ಮಾತು ಎದ್ದರೆ ಮೊದಲು ಬರುವ ಹೆಸರು ಥಾರ್, ಅದರ ಬೆನ್ನಿಗೇ ಜಿಮ್ನಿ. ಥಾರ್ ಬಗ್ಗೆ ಊರೆಲ್ಲ ಮಾತಾಡಿದೆ. ಅದಕ್ಕಿಂತ ಚಿಕ್ಕದಾದ, ಮಾರುತಿಯ ಜಿಮ್ನಿ ದಿನದ ಓಡಾಟಕ್ಕೆ ಆಗುತ್ತದೆಯೇ ಎಂದು ಕೇಳುವವರು ಈಗ ಹೆಚ್ಚು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಜಿಮ್ನಿ ಒಳ್ಳೇ ಗಾಡಿ. ಆದರೆ ಮನೆಗೆ ಅದೊಂದೇ ಕಾರು ಎಂದಾದರೆ ಅದನ್ನು ಕೊಳ್ಳಲು ಒಂದೇ ಕಾರಣವಿರಬೇಕು: ನಿಮ್ಮ ಮನೆಯ ದಾರಿಯಲ್ಲಿ ಬೇರೆ ಕಾರು ಬರುವುದಿಲ್ಲ ಎಂಬುದು. ಅಂದ ಚೆಂದ ಅದಕ್ಕೆ ಕಾರಣವಾದರೆ ಪ್ರತಿ ತಿಂಗಳೂ ಅದರ ಬೆಲೆ ಕಟ್ಟಬೇಕಾಗುತ್ತದೆ.

ಜಿಮ್ನಿಗೆ ಜೀಪಿನ ಮುಖ ಸುಮ್ಮನೆ ಅಂಟಿಸಿದ್ದಲ್ಲ. ಸುಜುಕಿ ಕಂಪನಿ ಜಪಾನಿನಲ್ಲಿ ಮೊದಲ ಜಿಮ್ನಿ ತಂದದ್ದು 1970ರಲ್ಲಿ. ನಮ್ಮಲ್ಲಿ 1985ರಲ್ಲಿ ಬಂದ ಜಿಪ್ಸಿ ಅದೇ ಕುಟುಂಬದ್ದು. ಸೈನ್ಯದವರ ಬಳಿ, ಅರಣ್ಯ ಇಲಾಖೆಯವರ ಬಳಿ ಜಿಪ್ಸಿಯನ್ನು ನಾವೆಲ್ಲ ನೋಡಿದವರೇ. 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಬಂದಾಗ ಶೋರೂಮ್ ಬೆಲೆ 12.74 ಲಕ್ಷದಿಂದ ಶುರುವಾಗಿತ್ತು.

ಒಳಗಿನ ಕಟ್ಟುಮಸ್ತೂ ಹಳೇ ಕಾಲದ್ದೇ. ಲಾರಿಗಳಿಗೆ ಇರುವಂತೆ ಕೆಳಗೆ ಪ್ರತ್ಯೇಕ ಚಾಸಿ, ಅದರ ಮೇಲೆ ಬಾಡಿ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಬೇರೆ ಗೇರ್ ಲಿವರ್. ನೆಲದಿಂದ 210 ಮಿಲಿಮೀಟರ್ ಎತ್ತರ. ಸ್ವಿಫ್ಟ್ ಇರುವುದು 163 ಮಿಲಿಮೀಟರ್ ಎತ್ತರದಲ್ಲಿ. ಮಳೆಗಾಲದಲ್ಲಿ ಲಾರಿ ಹೋಗಿ ಹೋಗಿ ನಡುವೆ ದಿಬ್ಬ ಎದ್ದ ಮಣ್ಣು ರಸ್ತೆಯಲ್ಲಿ ಈ ವ್ಯತ್ಯಾಸ ಏನೆಂದು ಅಡಿಭಾಗ ಉಜ್ಜಿಸಿಕೊಂಡವರಿಗೆ ಗೊತ್ತು.

ಪರಿಚಯದವರ ಜಿಮ್ನಿಯನ್ನು ನಾವು ತೋಟದ ದಾರಿಯಲ್ಲೂ ಹೆದ್ದಾರಿಯಲ್ಲೂ ಓಡಿಸಿ ನೋಡಿದ್ದೇವೆ. ತೋಟದ ದಾರಿಯಲ್ಲಿ ಇದಕ್ಕೆ ಎದುರಿಲ್ಲ. ಅಗಲ ಕಡಿಮೆ, ಹಾಗಾಗಿ ಬೇಲಿಗೆ ತಾಗದೆ ನುಗ್ಗುತ್ತದೆ. ಬಾನೆಟ್ ಚೌಕವಾಗಿರುವುದರಿಂದ ಗಾಡಿಯ ಮೂಲೆ ಎಲ್ಲಿದೆ ಎಂದು ಕೂತಲ್ಲಿಂದಲೇ ಕಾಣುತ್ತದೆ. ಕೆಸರಿನ ಏರಿನಲ್ಲಿ ಲಿವರನ್ನು ಫೋರ್ ಎಲ್‌ಗೆ ಹಾಕಿದರೆ ನಿಧಾನವಾಗಿ, ತಿಣುಕದೆ ಹತ್ತುತ್ತದೆ. ಆರು ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗಳಲ್ಲೂ ಇವೆ. ಇಳಿಜಾರಿನಲ್ಲಿ ಗಾಡಿಯನ್ನು ತಾನೇ ಹಿಡಿದು ಇಳಿಸುವ ವ್ಯವಸ್ಥೆಯೂ ಇದೆ. ಹಳೇ ಜೀಪಿನಲ್ಲಿ ಇದ್ಯಾವುದೂ ಇರಲಿಲ್ಲ.

ಹೆದ್ದಾರಿಗೆ ಬಂದರೆ ಕತೆ ಬೇರೆ. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಸದ್ದಿಲ್ಲದೆ ಓಡುತ್ತದೆ ನಿಜ, ಆದರೆ ಲಾರಿ ಹಿಂದಿಕ್ಕಬೇಕಾದರೆ ಗೇರ್ ಇಳಿಸಲೇಬೇಕು. ಹಂಪ್, ಗುಂಡಿ ಬಂದಾಗ ಮೈ ಎಡಬಲಕ್ಕೆ ತೂಗುತ್ತದೆ. ಆಗುಂಬೆ ಘಾಟಿಯಂಥ ತಿರುವಿನಲ್ಲಿ ಹಿಂದೆ ಕೂತವರಿಗೆ ಆ ತೂಗಾಟ ಚೆನ್ನಾಗಿಯೇ ಗೊತ್ತಾಗುತ್ತದೆ. ಮೊದಲೇ ವಾಂತಿ ಬರುವ ಮಕ್ಕಳಿದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ದೊಡ್ಡ ತಕರಾರು ಇರುವುದು ಜಾಗದ್ದು. ಮಲೆನಾಡಿನಲ್ಲಿ ಜೀಪು ಎಂದರೆ ಏನಾಗಿತ್ತು? ಹಿಂದೆ ಎದುರುಬದುರು ಬೆಂಚು. ಕೆಲಸದ ಆಳುಗಳು, ಗೊಬ್ಬರದ ಚೀಲ, ಶಾಲೆಯ ಮಕ್ಕಳು, ಬಸುರಿ, ಬಾಣಂತಿ, ಮದುವೆ ದಿಬ್ಬಣ, ಎಲ್ಲಕ್ಕೂ ಒಂದೇ ಗಾಡಿ. ತುಂಬಿಸಿದ್ದು ಹೆಚ್ಚಾಗುತ್ತಿತ್ತು, ಅಪಾಯವೂ ಇತ್ತು, ಅದನ್ನು ನಾವು ಹೊಗಳುತ್ತಿಲ್ಲ. ಆದರೆ ಜೀಪು ಕಂಡರೆ ನಮಗೆ ಪ್ರೀತಿ ಹುಟ್ಟಿದ್ದು ಅದರ ಮುಖದಿಂದಲ್ಲ, ಅದು ಹೊತ್ತ ಹೊರೆಯಿಂದ. ಜಿಮ್ನಿಯಲ್ಲಿ ಕೂರಬಹುದಾದದ್ದು ನಾಲ್ಕೇ ಜನ. ನಾಲ್ಕೂ ಸೀಟು ತುಂಬಿದ ಮೇಲೆ ಹಿಂದೆ ಉಳಿಯುವ ಜಾಗ 208 ಲೀಟರ್. ಮೇಲೆ ಹೇಳಿದ ಸ್ವಿಫ್ಟ್‌ನಲ್ಲಿ ಐದು ಜನ ಕೂತ ಮೇಲೂ 265 ಲೀಟರ್ ಜಾಗ ಇರುತ್ತದೆ.

ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು ಇರುವ ಮನೆಗೆ ನಾಲ್ಕು ಸೀಟು ಎಂದರೆ ಜಾತ್ರೆಗೋ ಮದುವೆಗೋ ಹೊರಟಾಗ ಯಾರೋ ಒಬ್ಬರು ಬಸ್ಸಿಗೆ ಹೋಗಬೇಕು. ಮಂಡಿನೋವಿನ ಹಿರಿಯರಿಗೆ ಈ ಎತ್ತರ ಹತ್ತುವುದೂ ಕಷ್ಟ. ಡಿಕ್ಕಿ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ಹಿಂದೆ ಗೋಡೆಯೋ ಬೇರೆ ಗಾಡಿಯೋ ಇದ್ದರೆ ಹಿಂಡಿ ಚೀಲ ಇಳಿಸಲು ಗಾಡಿಯನ್ನೇ ಮುಂದೆ ತೆಗೆಯಬೇಕು.

ಇನ್ನು ದುಡ್ಡಿನ ಲೆಕ್ಕ. ನೋಡಲು ಇದು ಚಿಕ್ಕ ಕಾರು. ಉದ್ದ 3,985 ಮಿಲಿಮೀಟರ್, ನಾಲ್ಕು ಮೀಟರ್‌ಗಿಂತ ಕಡಿಮೆ. ಆದರೆ ತೆರಿಗೆಯವರ ಕಣ್ಣಿಗೆ ಇದು ಚಿಕ್ಕದಲ್ಲ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಅದು ಸಿಗಬೇಕಾದರೆ ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಎಂಜಿನ್ 1,200 ಸಿಸಿ ದಾಟಬಾರದು. ಜಿಮ್ನಿಯ ಎಂಜಿನ್ 1,462 ಸಿಸಿ. ಹಾಗಾಗಿ ಅದಕ್ಕೆ ಶೇ. 40. ನಮ್ಮ ರಾಜ್ಯದ ರಸ್ತೆ ತೆರಿಗೆಯೂ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇ. 14 ಇದ್ದರೆ, ಹತ್ತು ಲಕ್ಷ ದಾಟಿದ ಮೇಲೆ ಶೇ. 17. ಮೊದಲು ಬಂದಾಗಿನ 12.74 ಲಕ್ಷವನ್ನೇ ಹಿಡಿದರೂ ರಸ್ತೆ ತೆರಿಗೆಯೇ ಎರಡು ಲಕ್ಷ ದಾಟುತ್ತದೆ. ಸೆಸ್, ವಿಮೆ ಬೇರೆ.

ಪೆಟ್ರೋಲ್ ಖರ್ಚನ್ನೂ ನೋಡಿ. ಗೇರ್ ಇರುವ ಜಿಮ್ನಿಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 16.94 ಕಿಲೋಮೀಟರ್, 2024ರ ಸ್ವಿಫ್ಟ್‌ಗೆ 24.8. ತಾಲ್ಲೂಕು ಕೇಂದ್ರಕ್ಕೆ ದಿನಾ ಹೋಗಿ ಬಂದು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುತ್ತೀರಿ ಎಂದುಕೊಳ್ಳಿ. ಜಿಮ್ನಿಗೆ 59 ಲೀಟರ್, ಸ್ವಿಫ್ಟ್‌ಗೆ ಸುಮಾರು 40 ಲೀಟರ್ ಬೇಕು. ಲೀಟರಿಗೆ ನೂರೇ ರೂಪಾಯಿ ಹಿಡಿದರೂ ವರ್ಷಕ್ಕೆ 22 ಸಾವಿರಕ್ಕಿಂತ ಹೆಚ್ಚು ವ್ಯತ್ಯಾಸ. ಕಂಪನಿಯ ಮೈಲೇಜ್ ನಮ್ಮ ರಸ್ತೆಯಲ್ಲಿ ಯಾವ ಗಾಡಿಯೂ ಕೊಡುವುದಿಲ್ಲ, ನಿಜವಾದ ಖರ್ಚು ಎರಡಕ್ಕೂ ಇನ್ನೂ ಜಾಸ್ತಿಯೇ.

ಹರಿಯಾಣದಲ್ಲಿ ತಯಾರಾಗುವ ಇದೇ ಐದು ಬಾಗಿಲಿನ ಗಾಡಿಯನ್ನು 2025ರ ಆರಂಭದಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದಾಗ ಕೆಲವೇ ದಿನದಲ್ಲಿ ಸುಮಾರು 50 ಸಾವಿರ ಬುಕಿಂಗ್ ಆಗಿ ಕಂಪನಿ ಬುಕಿಂಗನ್ನೇ ನಿಲ್ಲಿಸಿತು. ಇದನ್ನು ತೋರಿಸಿ 'ಜಪಾನಿನವರೇ ಮುಗಿಬಿದ್ದಿದ್ದಾರೆ' ಎನ್ನುವವರಿದ್ದಾರೆ. ಅವರ ಲೆಕ್ಕ ಅವರಿಗೆ. ನಮ್ಮಲ್ಲಿ ಕಾರು ಎಂದರೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಸಾಲ ಮಾಡಿ ಐದರಿಂದ ಏಳು ವರ್ಷ ಕಂತು ಕಟ್ಟುವ ಸಂಗತಿ. ಆ ವರ್ಷಗಳಲ್ಲಿ ಒಂದು ಸಲ ಕೊಳೆರೋಗ ಬಂದರೂ, ಒಂದು ಸಲ ರೇಟು ಬಿದ್ದರೂ ಕಂತು ನಿಲ್ಲುವುದಿಲ್ಲ.

ಹಾಗಾದರೆ ಯಾರು ಕೊಳ್ಳಬಹುದು? ಹಳ್ಳ ದಾಟಿ, ಕಡಿದಾದ ಏರು ಹತ್ತಿ ಮನೆ ಸೇರಬೇಕಾದವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರನ್ನು ಯಾರದ್ದೋ ಮನೆ ಅಂಗಳದಲ್ಲಿ ಬಿಟ್ಟು ನಡೆದು ಹೋಗುವವರು. ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದರೆ ಬಾಡಿಗೆ ಗಾಡಿಯೂ ಬರದ ಮನೆಯವರು. ಇಂಥ ಮನೆಗಳು ನಮ್ಮ ಜಿಲ್ಲೆಯಲ್ಲಿ ಈಗಲೂ ಸಾಕಷ್ಟಿವೆ. ಅವರ ಮನೆಯಲ್ಲಿ ನಾಲ್ಕೇ ಜನರಿದ್ದರೆ ಜಿಮ್ನಿ ಶೋಕಿಯಲ್ಲ, ಅಗತ್ಯ. ಹಾಗೆ ಕೊಂಡವರೂ ಸೇತುವೆಗೆ, ರಸ್ತೆಗೆ ಅರ್ಜಿ ಹಾಕುವುದನ್ನು ನಿಲ್ಲಿಸಬಾರದು ಎಂಬುದು ನಮ್ಮ ಕೋರಿಕೆ. ಕಾರೇ ಇಲ್ಲದ ಪಕ್ಕದ ಮನೆಯವರಿಗೂ ಅದೇ ದಾರಿ.

ಬಾಗಿಲವರೆಗೆ ಕಾಂಕ್ರೀಟ್ ಬಂದಿರುವ ಊರಿನವರಿಗೆ, ಬಯಲುಸೀಮೆಯ ನೇರ ರಸ್ತೆಯವರಿಗೆ ನಾಲ್ಕು ಚಕ್ರದ ಬಲ ವರ್ಷವಿಡೀ ಸುಮ್ಮನೆ ಹೊತ್ತು ತಿರುಗುವ ಭಾರ. ಒಣಗಿದ ಟಾರ್ ರಸ್ತೆಯಲ್ಲಿ ಫೋರ್ ಎಚ್ ಹಾಕಿ ಓಡಿಸುವಂತೆಯೂ ಇಲ್ಲ, ಓಡಿಸಿದರೆ ಗೇರಿನ ಭಾಗಗಳಿಗೆ ಪೆಟ್ಟು. ಅಂದರೆ ದುಡ್ಡು ಕೊಟ್ಟು ತಂದ ಆ ಲಿವರನ್ನು ಮುಟ್ಟುವ ಸಂದರ್ಭವೇ ಬರುವುದಿಲ್ಲ.

ಆದರೂ ಮನಸ್ಸು ಅದರ ಮೇಲೇ ಇದ್ದರೆ ಬುಕಿಂಗ್‌ಗೆ ಮೊದಲು ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವ್ ಗಾಡಿಯನ್ನು ಶೋರೂಮಿನ ಸುತ್ತ ಓಡಿಸಿ ಮುಗಿಸಬೇಡಿ, ನಿಮ್ಮ ಮನೆವರೆಗೆ ತರಲು ಕೇಳಿ. ಮನೆಯವರೆಲ್ಲರನ್ನೂ ಹತ್ತಿಸಿ, ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ವಾರದ ಸಂತೆಗೆ ಒಯ್ಯುವಷ್ಟು ಸಾಮಾನು ಹಿಂದೆ ಇಟ್ಟು ನೋಡಿ. ಸ್ಟೇರಿಂಗ್ ಹಿಡಿಯುವ ಮಗನ ಮಾತು ಕೇಳಿ ಆದ ಮೇಲೆ ಹಿಂದೆ ಕೂತವರನ್ನೂ ಒಂದು ಮಾತು ಕೇಳಿ. ಕಂತು ಕಟ್ಟುವಷ್ಟೂ ವರ್ಷ ಅದರಲ್ಲಿ ಓಡಾಡುವವರು ಅವರೇ.